ನಡುವಿನ ಹೆಸರು

ಪೆನ್‌ಡ್ರೈವ್ ಹುಡುಕಲೆಂದು ಮೇಜಿನ ಕೆಳಗಿನ ಖಾನೆ ಎಳೆದೆ. ಸಿಕ್ಕಿದ್ದು ಒಂದು ಗುರುತಿನ ಚೀಟಿ. ಹೆಸರಿನ ನಡುಭಾಗಕ್ಕೆ ಯಾರೋ ವೈಟ್ನರ್ ಬಳಿದಿದ್ದಾರೆ. ಅದು ಒಣಗಿ ಬಿರುಕು ಬಿಟ್ಟಿದೆ. ಯಾರೋ ಏನು, ಸುನಂದಕ್ಕನೇ. ಬಿರುಕಿನ ಸಂದಿಯಿಂದ ಅವಳ ಗಂಡನ ಹೆಸರಿನ ಎರಡು ಅಕ್ಷರ ಇನ್ನೂ ಇಣುಕುತ್ತಿವೆ.

ಸುನಂದಕ್ಕ ತನ್ನ ಊರು ತಿಕೋಂಡಿಯಿಂದ ದಿನಾ ಬಸ್ಸಿನಲ್ಲಿ ಜತ್ತ ಪೇಟೆಗೆ ಬರುತ್ತಿದ್ದಳು. ದನದ ಹಿಂಡಿ ಮಾರುವ ಅಂಗಡಿಯ ಮಾಳಿಗೆಯ ಮೇಲಿನ ಈ ಆಫೀಸಿನಲ್ಲಿ ನಾವಿಬ್ಬರೂ ದಾಳಿಂಬೆ ಬೆಳೆಗಾರರ ಸಂಘಕ್ಕೆ ವೆಬ್‌ಸೈಟು ಕಟ್ಟುತ್ತಿದ್ದೆವು. ಸದಸ್ಯರ ಪಟ್ಟಿ, ಕಟಾವಿನ ಪಾಳಿ, ನೋಟೀಸು, ಸಭೆ, ಗುರುತಿನ ಚೀಟಿ ಎಂದು ಐದು ವಿಭಾಗ. ಐದರಲ್ಲೂ ಜನರ ಹೆಸರು ಬರುತ್ತದಲ್ಲ, ಅದನ್ನು ಐದು ಸಲ ಬರೆಯುವುದೇಕೆ? ಹೆಸರನ್ನು ಪಡೆದು, ಪರೀಕ್ಷಿಸಿ, ಜೋಡಿಸಿ ಕೊಡುವ ಒಂದೇ ಕ್ಲಾಸ್, ಅಂದರೆ ಪ್ರೋಗ್ರಾಮಿನ ಒಂದು ತುಂಡು, ಬರೆದು ‘ಕಾಮನ್’ ಎಂಬ ಫೋಲ್ಡರಿನಲ್ಲಿಟ್ಟೆ. ಎಲ್ಲರೂ ಅಲ್ಲಿಂದಲೇ ತೆಗೆದುಕೊಳ್ಳಬೇಕು. ಯಾರಾದರೂ ನಕಲು ಮಾಡಿಕೊಂಡರೆ ಡೈರಿಯಲ್ಲಿ ತಾರೀಖು ಹಾಕಿ ಗೀಟು ಎಳೆಯುತ್ತಿದ್ದೆ. ಇಬ್ಬರೇ ಇದ್ದ ಆಫೀಸಿನಲ್ಲಿ ‘ಯಾರಾದರೂ’ ಎಂದರೆ ಯಾರು ಎಂಬುದು ನಿಮಗೂ ತಿಳಿಯಿತು.

ನಮ್ಮ ಕಡೆಯ ಅರ್ಜಿಗಳಲ್ಲಿ ಹೆಸರಿಗೆ ಮೂರು ಮನೆ: ತನ್ನದು, ತಂದೆಯದು ಅಥವಾ ಗಂಡನದು, ಅಡ್ಡಹೆಸರು. ನನ್ನ ಕ್ಲಾಸೂ ಮೂರು ಕೇಳುತ್ತಿತ್ತು. ನಡುವಿನದು ಖಾಲಿ ಇದ್ದರೆ ಮುಂದೆ ಬಿಡುತ್ತಿರಲಿಲ್ಲ. ಸಂಘದ ಗುರುತಿನ ಚೀಟಿ ಸದಸ್ಯರ ಜೊತೆಗೆ ನಮಗಿಬ್ಬರಿಗೂ ಆಗಬೇಕಿತ್ತು.

“ತಮ್ಮಾ, ನನ್ನ ನಡುವಿನ ಹೆಸರ ಬಿಟ್ಟಬಿಡೋ. ಬರೇ ಸುನಂದಾ ತಿಕೋಂಡಿ. ಸಾಕು.”

“ಅಕ್ಕಾ, ಅದು ಕಾಮನ್ ಕ್ಲಾಸ್ ರಿ. ಮುಟ್ಟಿದ್ರ ಐದೂ ಕಡೆ ಒಡೀತೈತಿ.”

“ನಿನ್ನ ಕ್ಲಾಸ್ ನಮ್ಮತ್ತಿ ಇದ್ದಂಗ ಐತಿ ನೋಡು. ಎಲ್ಲಾರ ತಾಟಿನ್ಯಾಗೂ ಕೈ, ಯಾರ ಮಾತೂ ಕೇಳಂಗಿಲ್ಲ.”

ನಾನು ನಕ್ಕೆ. ಅವಳು ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು; ಅದು ನನಗೆ ಗೊತ್ತಿತ್ತು. ಆದರೂ ನಕ್ಕೆ.

ಅವಳು ಮತ್ತೆ ಕೇಳಲಿಲ್ಲ. ಕ್ಲಾಸನ್ನು ನಕಲು ಮಾಡಿ, ನಡುವಿನ ಹೆಸರಿನ ಒತ್ತಾಯ ತೆಗೆದು, ಗುರುತಿನ ಚೀಟಿಯ ವಿಭಾಗದಲ್ಲಿ ಇಟ್ಟುಕೊಂಡಳು. ಸಂಘದ ಸಭೆಯ ಹಿಂದಿನ ದಿನ ಅದು ನನ್ನ ಕಣ್ಣಿಗೆ ಬಿತ್ತು. ಅಳಿಸಿದೆ. ಅವಳ ಹೆಸರಿನಲ್ಲಿ ತಪ್ಪಿದೆ ಎಂದು ಪರದೆ ತೋರಿಸಿತು. ಖಾಲಿ ಜಾಗ ಕಂಡರೆ ತುಂಬುವ ರೋಗ ನನಗೆ. ಆಫೀಸಿನ ಕಾಗದ ತೆಗೆದು ನೋಡಿ ಅವಳ ಗಂಡನ ಹೆಸರನ್ನು ನಾನೇ ತುಂಬಿದೆ. ಡೈರಿಯಲ್ಲಿ ಬರೆದೆ: ‘ನಕಲು ಒಂದು, ತೆಗೆಯಲಾಯಿತು.’

ಸಭೆಯಲ್ಲಿ ಮೈಕಿನಲ್ಲಿ ಹೆಸರು ಕೂಗಿ ಚೀಟಿ ಹಂಚಿದರು. ಅವಳದನ್ನು ಮೂರೂ ಮನೆ ಸೇರಿಸಿ ಕೂಗಿದರು. ಗಂಡನ ಊರಿನವರು ಎರಡನೇ ಸಾಲಿನಲ್ಲೇ ಕುಳಿತಿದ್ದರು. ಒಬ್ಬ ಹೇಳಿದ: “ನೋಡ್ರಿ, ಹೆಸರ ಬಿಟ್ಟಿಲ್ಲ ಅಕಿ. ಮನಿಗೂ ಬರ್ತಾಳ ತಗೋರಿ.”

ಮರುದಿನ ಸುನಂದಕ್ಕ ಚೀಟಿಗೆ ವೈಟ್ನರ್ ಬಳಿದು ನನ್ನ ಮೇಜಿನ ಮೇಲಿಟ್ಟಳು. ತಿಂಗಳು ತುಂಬಿದ ಮೇಲೆ ವಿಜಯಪುರದಲ್ಲಿ ಬೇರೆ ಕೆಲಸ ಹಿಡಿದಳು.

ಆಮೇಲೆ ಮೂರು ವೆಬ್‌ಸೈಟು ಕಟ್ಟಿದ್ದೇನೆ. ಮೂರಕ್ಕೂ ಅದೇ ಕ್ಲಾಸ್. ಈಚೆಗೆ ಹೊಸಬರ ನಕಲು ಎಣಿಸುವುದೂ ಬೇಸರ. ಇವತ್ತು ಚೀಟಿಯನ್ನು ಎದುರಿಗಿಟ್ಟುಕೊಂಡು ಆ ಕ್ಲಾಸ್ ತೆರೆದೆ. ನಡುವಿನ ಹೆಸರು ಬೇಕೇ ಬೇಕೆಂದು ಸಂಘದವರು ಹೇಳಿರಲಿಲ್ಲ, ನಮಗೆ ಸಂಬಳ ಕೊಡುವ ಸಾಹೇಬರೂ ಹೇಳಿರಲಿಲ್ಲ. ಅದು ನನ್ನದೇ ಸಾಲು. ತೆಗೆದೆ. ಐದೂ ವಿಭಾಗ ನಡೆಸಿ ನೋಡಿದೆ. ಮತ್ತೊಮ್ಮೆ ನೋಡಿದೆ. ಆಮೇಲೆ ಫೋನು ಮಾಡಿದೆ.

“ಅಕ್ಕಾ, ನಾನ್ರಿ. ನಡುವಿನ ಹೆಸರಿನ ಸಾಲು ತಗದೆ.”

ಆ ಕಡೆ ಬಸ್‌ಸ್ಟ್ಯಾಂಡಿನ ಗದ್ದಲ.

“ಎಷ್ಟ ಕಡೆ ಒಡೀತೋ?”

“ಒಂದ ಕಡೇನೂ ಇಲ್ರಿ.”

“ಹಂಗಾರ ಬರಕೋ ನಿನ್ನ ಡೈರ್ಯಾಗ,” ಎಂದು ಇಟ್ಟಳು.

ಡೈರಿ ತೆರೆದು ಕುಳಿತಿದ್ದೇನೆ. ತಾರೀಖು ಹಾಕಿ ‘ಒಡೆದದ್ದು’ ಎಂದು ಬರೆದೆ. ಸೊನ್ನೆ ಬರೆಯಲು ಇಷ್ಟು ಹೊತ್ತು ಹಿಡಿದದ್ದು ಇದೇ ಮೊದಲು.