ಮರ್ಲೀನಳ ನಗು

ನಮ್ಮ ಪೋರ್ಟ್ ಪಿರಿ ಊರಿನ ಬೇಕರಿಯಲ್ಲಿ ಮರ್ಲೀನ್ ನಗದೆ ಯಾರಿಗೂ ಖೀಮಾ ತುಂಬಿದ ಪೈ ಕೊಟ್ಟವಳಲ್ಲ. ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕವಳೂ ಅಲ್ಲ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ನಗುವಿಗೇ ಮೀಸಲು. ತಾನು ಮಾತ್ರ ಪೈನ ಗಟ್ಟಿ ಅಂಚು ಬಿಟ್ಟು ಒಳಗಿನ ಖೀಮಾವನ್ನಷ್ಟೇ ಚಮಚದಲ್ಲಿ ತಿನ್ನುತ್ತಾಳೆ. ಅವಳ ದವಡೆ ಊದಿದ ದಿನ ಬೇಕರಿಯ ಬ್ರೆಡ್ಡಿಗೂ ಲವಂಗದೆಣ್ಣೆಯ ವಾಸನೆ. "ಡಾಕ್ಟ್ರಿಗೆ ತೋರಿಸ್ಬಾರ್ದೇನೇ?" ಎಂದರೆ, "ಸರ್ಕಾರಿ ಆಸ್ಪತ್ರೆ ಪಟ್ಟೀಲಿ ಹೆಸರಿದೆ ಚಿನ್ನಾ, ಮೂರು ವರ್ಷ ಆಯ್ತು. ನನ್ ಸರದಿ ಬರೋಷ್ಟ್ರಲ್ಲಿ ತೋರ್ಸೋಕೆ ಹಲ್ಲೇ ಇರಲ್ಲ" ಎಂದು ಮತ್ತೆ ಕೈ ಅಡ್ಡ. ಖಾಸಗಿ ಡಾಕ್ಟರಿಗೆ ಅವಳು ಸುರಿದ ದುಡ್ಡೆಲ್ಲ ಮಗಳು ಟೆಗನ್‌ಳ ವಕ್ರ ಹಲ್ಲಿಗೆ ತಂತಿ ಹಾಕಿಸಲು. ಮೊನ್ನೆ ಆ ತಂತಿ ತೆಗೆದರು. ಸಾಲು ಹಿಡಿದು ಕೂತ ಹಲ್ಲು ನೋಡಲು ನಾವೆಲ್ಲ ನೆರೆದೆವು. "ನಗೇ, ಎಲ್ರೂ ನೋಡ್ಲಿ" ಎಂದಳು ಮರ್ಲೀನ್. ಹುಡುಗಿ ನಕ್ಕಳು, ಅಮ್ಮನ ಹಾಗೆಯೇ, ಬಾಯಿಗೆ ಕೈ ಅಡ್ಡ ಹಿಡಿದು.