ಅರ್ಜಿ ಮಾವ ಸೇರಿಸಿದ ಒಂದು ಸಾಲು

ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ಹುಡುಗರು ಇಟ್ಟ ಹೆಸರು ಅರ್ಜಿ ಮಾವ. ರಜೆ ಬೇಕೇ, ದಂಡ ಮನ್ನಾ ಆಗಬೇಕೇ, ಮಾವ ಕನ್ನಡಕ ಏರಿಸಿ ಟೈಪು ಮಾಡಿದನೆಂದರೆ ಕಲ್ಲೂ ಕರಗಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನು ಬರೆದುಕೊಟ್ಟ ಹೊಟ್ಟೆನೋವುಗಳಿಗೆ ಒಂದು ಆಸ್ಪತ್ರೆ ಸಾಲದು. ಮಕ್ಕಳಿಲ್ಲದ ಮನುಷ್ಯ, ಬಡವರ ಮಕ್ಕಳಿಂದ ಕಾಗದದ ಕಾಸನ್ನೂ ಮುಟ್ಟುತ್ತಿರಲಿಲ್ಲ.

ಆ ವರ್ಷ ನೂಲಿನ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಫೀಸು ಕಟ್ಟಲಾಗದ ಮಕ್ಕಳಿಗೆ ಕಾಲೇಜು ತುರ್ತು ನೆರವು ಘೋಷಿಸಿತು: ಸದ್ಯಕ್ಕೆ ಅರ್ಜಿ ಸಾಕು, ದಾಖಲೆ ಆಮೇಲೆ. ಕೊನೆಯ ದಿನ, ಕಚೇರಿ ಮುಚ್ಚಲು ಹತ್ತು ನಿಮಿಷವಿದೆ ಎನ್ನುವಾಗ, ಕೊನೆಯ ವರ್ಷದ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಬಂದಳು.

"ಅಪ್ಪಂಗೆ ಗಿರಣಿ ಕೆಲಸ ಹೋಯ್ತು ಅಂತ ಬರೀರಿ ಮಾವ. ಫೀಸು ಕಟ್ಟದಿದ್ರೆ ಪರೀಕ್ಷೆಗೆ ಕೂರಿಸಲ್ಲ."

ಕೆಲಸ ಹೋದವರ ಅರ್ಜಿಗಳನ್ನೇ ಮಾವ ಬೆಳಗಿನಿಂದ ಅರವತ್ತು ಬರೆದಿದ್ದ. ಇಷ್ಟಕ್ಕೆ ಯಾರ ಕರುಳು ಚುರ್ ಎಂದೀತು? ಸಾವಿರ ಸುಳ್ಳು ಹೇಳಿ ಮದುವೆ ಮಾಡುವ ಜನ, ಓದಿಗೆ ಒಂದು ಸುಳ್ಳು ಹೇಳಬಾರದೇ ಎಂದುಕೊಂಡು, 'ತಂದೆ ಕಳೆದ ತಿಂಗಳು ತೀರಿಕೊಂಡಿದ್ದಾರೆ' ಎಂದು ಸೇರಿಸಿದ. ಹುಡುಗಿ ಓದದೆ ಸಹಿ ಹಾಕಿ ಓಡಿದಳು. ತನ್ನ ಜಾಣತನಕ್ಕೆ ತಾನೇ ತಲೆದೂಗಿದ, ಪಾಪಿ.

ನೆರವು ಮಂಜೂರಾಯಿತು. ಉಪಕಾರ ಪಡೆದು ಮುಖ ಮುಚ್ಚಿಕೊಂಡಿರುವ ಮನುಷ್ಯನಲ್ಲ ಅವಳ ಅಪ್ಪ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೇ ಹೋದ.

"ನಾನು ಆ ಹುಡುಗಿ ತಂದೆ ಕಣಮ್ಮ. ಕೈ ಮುಗಿದು ಹೋಗೋಣ ಅಂತ ಬಂದೆ."

ಗುಮಾಸ್ತೆ ಫೈಲು ನೋಡಿದಳು, ಅವನ ಮುಖ ನೋಡಿದಳು. ಸಂಜೆಯೊಳಗೆ ನೆರವು ರದ್ದಾಯಿತು. ಸುಳ್ಳು ಹೇಳಿದವರು ಮತ್ತೆ ಅರ್ಜಿ ಹಾಕುವಂತೆಯೂ ಇರಲಿಲ್ಲ.

ಸುದ್ದಿ ಕೇಳಿದ ಮಾವ ಬರಿಗಾಲಲ್ಲೇ ಕಚೇರಿಗೆ ಓಡಿದ. "ತಪ್ಪು ನಂದಮ್ಮ, ಆ ಮಗೂಗೆ ಗೊತ್ತೇ ಇಲ್ಲ. ಫೀಸು ನಾನೇ ಕಟ್ತೀನಿ."

"ಕಟ್ಟೋ ದಿನ ಮೊನ್ನೇನೇ ಮುಗೀತು. ಅರ್ಜೀಲಿರೋ ಸಹಿ ನಿಮ್ಮದಲ್ವಲ್ಲ," ಎಂದಳು ಗುಮಾಸ್ತೆ. ಅವಳ ಕಣ್ಣೂ ಒದ್ದೆಯಾಗಿತ್ತು.

ಮರುದಿನ ಅಪ್ಪ, ಮಗಳು ಅಂಗಡಿಗೆ ಬಂದರು. ಬೈದರೂ ಸರಿ, ಹೊಡೆದರೂ ಸರಿ ಎಂದು ಮಾವ ಎದ್ದು ನಿಂತ. ಗಿರಣಿಯವನು ಎರಡೂ ಮಾಡಲಿಲ್ಲ. ಮೇಜಿನ ಮೇಲೆ ಬಾಗಿ, ಮಗಳಿಗೆ ಕೇಳಿಸದಂತೆ ಕೇಳಿದ.

"ಕಾಗದಪತ್ರದ ವಿಷಯ ನಿಮಗೆ ಗೊತ್ತಿರುತ್ತೆ ಯಜಮಾನ್ರೇ. ನಾನು ನಿಜವಾಗ್ಲೂ ಹೋಗ್ಬಿಟ್ರೆ, ಅವಳ ಅರ್ಜಿ ಸರಿಯಾಗುತ್ತಾ?"

ಆದರೆ ಮಗಳಿಗೆ ಕೇಳಿಸಿಯೇಬಿಟ್ಟಿತ್ತು. ಅವಳು ಅಪ್ಪನ ಬಾಯಿಗೆ ಕೈ ಅಡ್ಡ ಇಟ್ಟಳು. "ನಂಗೆ ಯಾವ ಪರೀಕ್ಷೆನೂ ಬೇಡ. ನಡಿಯಪ್ಪ ಮನೆಗೆ," ಎಂದು ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋದಳು. ರಸ್ತೆ ದಾಟಿದ ಮೇಲೂ ಹಿಡಿದ ಕೈ ಬಿಡಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಮಾವ ಅಂಗಡಿ ತೆರೆಯದೆ ಗೇಟಿನ ಬಳಿ ನಿಂತಿದ್ದ. ಕೊನೆಯ ಗಂಟೆ ಹೊಡೆಯಿತು, ಕಾವಲಿನವನು ಗೇಟು ಹಾಕಿದ. ಅವಳು ಬರಲಿಲ್ಲ.