ಮೌನಪ್ಪ ಮಾಸ್ತರರ ಕೈಗಂಟೆ

ಗಬ್ಬೂರಿನಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದರೆ ಸಿಗುವ ಸಣ್ಣ ಊರೊಂದರ ಶಾಲೆಗೆ ಮೌನಪ್ಪ ಮಾಸ್ತರರು ೧೯೭೩ರಲ್ಲಿ ಹೆಡ್ ಮಾಸ್ತರರಾಗಿ ಬಂದರು. ಬಂದ ವಾರವೇ ಬೆತ್ತ ಮುರಿದು ಒಲೆಗೆ ಹಾಕಿದರು. ಅದರ ಬದಲು ಅವರು ನಂಬಿದ್ದು ಶಾಲೆಯ ಹಿತ್ತಾಳೆ ಕೈಗಂಟೆಯನ್ನು. ಯಾವ ಮಗು ಎಲ್ಲರಿಗಿಂತ ಹೆಚ್ಚು ಶಾಲೆ ತಪ್ಪಿಸುತ್ತಿತ್ತೋ ಅದರ ಕೈಗೇ ಗಂಟೆ ಕೊಡುತ್ತಿದ್ದರು. ಸಂಜೆ ಮನೆಗೆ ಒಯ್ಯಬೇಕು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಂದು ಬಾರಿಸಬೇಕು.

“ಈ ಸಾಲ್ಯಾಗ ಓಡಿ ಹೋಗೋರಿಗೇ ಮರ್ಯಾದಿ ನೋಡ್ರಿ,” ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಆದರೆ ಅದೇ ಮಕ್ಕಳು ಹೊತ್ತು ಏರುವ ಮೊದಲೇ ಗಂಟೆ ಹಿಡಿದು ಶಾಲೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದವು.

ಮಾಸ್ತರರಿಗೆ ಇನ್ನೊಂದು ರೂಢಿಯಿತ್ತು. ಸೀಮೆಸುಣ್ಣವಿರಲಿ, ಕೀಲಿಕೈ ಇರಲಿ, “ನನ್ನ ಕೈಗೆ ಕೊಡು” ಎನ್ನುತ್ತಿದ್ದರು. ನಡುವೆ ಇನ್ನೊಬ್ಬರ ಕೈ ಬರಬಾರದು. ಅವರು ಚಂದ್ರಬಂಡದ ಕೂಲಿಕಾರರ ಮಗ. ಚಿಕ್ಕವರಿದ್ದಾಗ ಜ್ವರ ಬಂದು ಮಲಗಿದ್ದ ಅವರಿಗೆ ಶಾಲೆಯ ಗುರುಗಳು ಒಂದು ಪುಸ್ತಕ ಕಳಿಸಿದ್ದರಂತೆ. ತರುವವನು ಅವರ ಕೇರಿಗೆ ಕಾಲಿಡಲು ಒಲ್ಲದೆ ದಾರಿಯಲ್ಲೇ ಯಾರಿಗೋ ಕೊಟ್ಟುಬಿಟ್ಟಿದ್ದ. ಆ ಪುಸ್ತಕ ಅವರಿಗೆ ಮುಟ್ಟಲೇ ಇಲ್ಲ.

೧೯೭೮ರಲ್ಲಿ ಗಂಟೆ ಬಾಲಮ್ಮನ ಪಾಲಿಗೆ ಬಂತು. ಬಾಲಮ್ಮ ಕುರಿ ಕಾಯುವ ಪರಮಣ್ಣನ ಮಗಳು, ಏಳನೆಯ ತರಗತಿ. ಲೆಕ್ಕದಲ್ಲಿ ಶಾಲೆಗೇ ಮುಂದು. ಸುಗ್ಗಿ ಮುಗಿದ ಮೇಲೆ ಪರಮಣ್ಣ ಕುರಿ ಹೊಡೆದುಕೊಂಡು ಮಾನ್ವಿ ಕಡೆ ಹೋಗುತ್ತಿದ್ದ. ಅಲ್ಲಿನ ರೈತರು ಗೊಬ್ಬರಕ್ಕೆಂದು ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಪ್ರತಿ ವರ್ಷ ಬಾಲಮ್ಮನೂ ಹಿಂದೆ ಹೋಗುತ್ತಿದ್ದಳು. ಈ ಸಲ ಮಾಸ್ತರರು ತಾವೇ ಪರಮಣ್ಣನ ಮನೆಗೆ ಹೋಗಿ ಕೂತರು.

“ಏಳನೇತ್ತ ಪರೀಕ್ಷಾ ಒಂದು ಮುಗೀಲಿ ಪರಮಣ್ಣ. ದೇವದುರ್ಗದ ಹಾಸ್ಟೆಲಿಗೆ ನಾನೇ ಹಚ್ಚತೀನಿ.”

“ಕುರಿಮರಿ ನೀವು ಬಂದು ಕಾಯ್ತೀರೇನ್ರಿ ಮತ್ತ?”

“ಕಾಯ್ತೀನಿ. ಸಂಬಳ ಏನ್ ಕೊಡ್ತಿ ಹೇಳು.”

ಒಳಗಿನಿಂದ ಪರಮಣ್ಣನ ತಾಯಿ ಯಮನಮ್ಮ ನಕ್ಕಳು. “ಇರಲಿ ಬಿಡಲೇ ಪರಮ್ಯಾ, ಕೂಸು ನನ್ನ ಕೂಡ ಇರ್ತದ.”

ಪರಮಣ್ಣ ಮಗಳ ಮಡಿಲಲ್ಲಿದ್ದ ಗಂಟೆ ನೋಡಿದ. “ಆತ್ರಿ. ಆ ಗಂಟಿ ಆಕಿ ಕೈಯಾಗ ಇದ್ದು, ಆಕಿ ಸಾಲಿಗೆ ಹೋಗೋತನಕ ನಾ ಕರಿಯಂಗಿಲ್ಲ. ಮನ್ಯಾಗ ಕುಂತ್ಲಂದ್ರ ಮಾತ್ರ ಕರಕೊಂಡು ಹೋಗಾವ.”

ಮಾಸ್ತರರು ಬಾಲಮ್ಮನ ಕಡೆ ತಿರುಗಿದರು. “ಕೇಳಿದ್ಯೇನವ್ವಾ? ಯಾರು ಕೇಳಿದ್ರೂ ಕೊಡಬ್ಯಾಡ. ನನ್ನ ಕೈಗೇ ಕೊಡಬೇಕು.”

“ಹೂನ್ರಿ ಸರ್.”

ಸಂಕ್ರಾಂತಿ ಕಳೆದು, ಪರಮಣ್ಣ ಕುರಿ ಹೊಡೆದುಕೊಂಡು ಹೋದ ಮೇಲೆ ಮಾಸ್ತರರಿಗೆ ರಾಯಚೂರಿನಲ್ಲಿ ತರಬೇತಿಗೆ ಕರೆ ಬಂತು. ಕೀಲಿಕೈಯನ್ನು ಸಹಶಿಕ್ಷಕ ಶಂಭುಲಿಂಗಪ್ಪನಿಗೆ ಒಲ್ಲದ ಮನಸ್ಸಿನಿಂದಲೇ ಕೊಟ್ಟು ಹೋದರು. ಗಂಟೆಯ ಮಾತು ಹೇಳಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ತರಬೇತಿ ಮುಗಿದು ಬಂದ ದಿನ ಶಾಲೆಯ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಒಳಗೆ ಶಂಭುಲಿಂಗಪ್ಪ ತಟ್ಟೆ ಬಡಿದು ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದ.

“ಬಾಲಮ್ಮ ಎಲ್ರಿ?”

“ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಿದ್ರು. ಗಂಟಿ ಮೇಜಿನ ಮ್ಯಾಲ ಇರಲಿ, ತಾ ಅಂದೆ. ಹೆಡ್ ಮಾಸ್ತರ ಕೈಗೇ ಕೊಡ್ತೀನಿ ಅಂದ್ಲು. ಸಾಹೇಬ್ರು ನಕ್ಕರು. ಈ ಸಾಲ್ಯಾಗ ನಿಮ್ಮ ಮಾತು ಹುಡುಗೂರೂ ಕೇಳಂಗಿಲ್ಲೇನ್ರಿ ಅಂದ್ರು. ಗಂಟಿ ಕೊಟ್ರ ಬಾ, ಇಲ್ಲಂದ್ರ ಬರಬ್ಯಾಡ ಅಂತ ಹೊರಗ ಹಾಕಿದೆ.”

ಮಾಸ್ತರರ ಮುಖ ನೋಡಿ ಶಂಭುಲಿಂಗಪ್ಪನ ದನಿ ಇಳಿಯಿತು. “ಆ ಗಂಟಿ ಮ್ಯಾಲ ಆಕಿ ಓದು ನಿಂತಿತ್ತಂತ ನನಗೇನು ಗೊತ್ರಿ? ನನಗ ಒಂದು ಮಾತು ಹೇಳಿ ಹೋಗಿದ್ರೇನು ನೀವು?”

ಮಾಸ್ತರರು ಕೈಚೀಲ ಅಲ್ಲೇ ಇಟ್ಟು ಪರಮಣ್ಣನ ಮನೆಗೆ ನಡೆದರು.

ಉಳಿದದ್ದನ್ನು ಯಮನಮ್ಮ ಹೇಳಿದಳು. ಜ್ವಾರಿ ಒಯ್ಯಲು ಊರಿಗೆ ಬಂದ ಪರಮಣ್ಣ, ಮಗಳು ಮನೆಯಲ್ಲಿ ಕೂತಿರುವುದನ್ನು ಕಂಡ. ಬಾಲಮ್ಮ ಅತ್ತಳು, ಸರ್ ಬರೋತನಕ ತಡಿ ಎಂದಳು. ಅವನು ಆಡಿದ ಮಾತಿಗೆ ನಿಂತ. “ಗಂಟಿ ನನ್ನ ಕೈಯಾಗ ಕೊಟ್ಟು ಹೋಗಬೇ ಅಂದೆ ಮಾಸ್ತರ. ನನಗೂ ಕೊಡಲಿಲ್ಲ. ಕಂಬಳ್ಯಾಗ ಸುತ್ತಿಕೊಂಡು ಹೋತು ಕೂಸು,” ಎಂದಳು ಮುದುಕಿ.

ಅಂದಿನಿಂದ ಪ್ರತಿ ಭಾನುವಾರ ಮಾಸ್ತರರು ಮಾನ್ವಿಯ ಬಸ್ ಹತ್ತಿದರು. ಕಾಲುವೆಯ ಏರಿ ಹಿಡಿದು ನಡೆದು, ಕುರಿ ಕಂಡಲ್ಲೆಲ್ಲ ಕೇಳಿದರು. ನಿನ್ನೆ ಇಲ್ಲಿದ್ದ ಕುರಿ ಇವತ್ತು ಇನ್ನೊಬ್ಬರ ಗದ್ದೆಯಲ್ಲಿರುತ್ತಿತ್ತು. ಪರೀಕ್ಷೆ ಬಂತು, ಹೋಯಿತು. ಆದರೂ ಅವರು ಹುಡುಕುವುದನ್ನು ಬಿಡಲಿಲ್ಲ.

ಬಿಸಿಲು ಬಲಿತ ಒಂದು ಮಧ್ಯಾಹ್ನ ಪರಮಣ್ಣನ ಬಿಡಾರ ಸಿಕ್ಕಿತು. ದೂರದಿಂದಲೇ ಗುರುತಿಸಿದ ಬಾಲಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಲಂಗ ಹೋಗಿ ಸೀರೆ ಬಂದಿತ್ತು. ಕೈತುಂಬ ಹಸಿರು ಬಳೆ, ಕೊರಳಲ್ಲಿ ಅರಿಶಿನ ಮಾಸದ ದಾರ. ಸೋದರಮಾವನ ಮಗನಿಗೆ ಕೊಟ್ಟಿದ್ದರು.

ಪರಮಣ್ಣ ಕಂಬಳಿ ಹಾಸಿದ. “ಕೂಡ್ರಿ ಮಾಸ್ತರ. ಸಾಲಿ ಬಿಡಿಸ್ಯಾರ ಅಂದ್ಲು. ಮತ್ತೇನು ಮಾಡಲ್ರಿ ನಾನು?”

ಬಾಲಮ್ಮ ಬಟ್ಟೆಯ ಗಂಟಿನೊಳಗಿನಿಂದ ಗಂಟೆ ತೆಗೆದು ತಂದಳು. ತಿಕ್ಕಿ ಬೆಳಗಿದ್ದಳು. ಒಳಗಿನ ನಾಲಗೆಗೆ ಹಳೆಯ ನೀಲಿ ಲಂಗದ ಚೂರು ಬಿಗಿಯಾಗಿ ಸುತ್ತಿದ್ದಳು.

“ಇಲ್ಲಿ ಸದ್ದಾದ್ರ ಕುರಿ ಬೆದರ್ತಾವ್ರಿ, ಅದಕ್ಕ ಕಟ್ಟೀನಿ. ಯಾರ ಕೈಗೂ ಕೊಟ್ಟಿಲ್ಲ ಸರ್.”

ಮಾಸ್ತರರು ಎರಡೂ ಕೈಯೊಡ್ಡಿ ತೆಗೆದುಕೊಂಡರು. ಕೊಟ್ಟ ಮೇಲೂ ಅವಳು ನಿಂತೇ ಇದ್ದಳು. ಅವರ ಬಾಯಿಂದ ಇನ್ನೊಂದು ಮಾತು ಬರಬಹುದೆಂದು ಕಾಯುತ್ತಿದ್ದಂತಿತ್ತು. ನಂತರ ಮೆಲ್ಲಗೆ ಕೇಳಿದಳು, “ಪರೀಕ್ಷ್ಯಾಗ ಲೆಕ್ಕ ಕಠಿಣ ಇದ್ದವೇನ್ರಿ?”

“ಇಲ್ಲವ್ವಾ,” ಎಂದರು ಮಾಸ್ತರರು. “ನಿನಗ ಬರೋವೇ ಇದ್ದವು.”

ಗಬ್ಬೂರಿಗೆ ಮರಳುವ ಬಸ್ಸು ಕುಲುಕಿದರೂ ತೊಡೆಯ ಮೇಲಿನ ಗಂಟೆ ಸದ್ದು ಮಾಡಲಿಲ್ಲ. ಮರುದಿನ ಅದನ್ನು ಶಂಭುಲಿಂಗಪ್ಪನ ಮುಂದಿಟ್ಟು, ಬಾಲಮ್ಮನಿಗೆ ಏನಾಯಿತೆಂದು ಹೇಳಿದರು. ಅವನು ಬಟ್ಟೆ ಬಿಚ್ಚಲು ಎರಡು ಸಲ ಕೈ ಹಾಕಿ ಹಿಂದೆಗೆದು, ಕಡೆಗೆ ಬಿಚ್ಚಿದ. ಆ ಮೇಲೂ ಗಂಟೆ ಶಾಲೆ ತಪ್ಪಿಸುವ ಮಕ್ಕಳ ಮನೆಗೇ ಹೋಗುತ್ತಿತ್ತು. ಆದರೆ ಯಾವ ಮಾಸ್ತರರು ಕೇಳಿದರೂ ಕೊಡಬೇಕೆಂದು ಮೌನಪ್ಪನವರು ಪ್ರತಿ ಮಗುವಿಗೂ ಹೇಳುತ್ತಿದ್ದರು.

೧೯೮೫ರಲ್ಲಿ ಅವರು ನಿವೃತ್ತರಾದ ದಿನ ಊರವರು ಹಾರ ಹಾಕಿದರು. ಹೆಡ್ ಮಾಸ್ತರನಾದ ಶಂಭುಲಿಂಗಪ್ಪ, ಕಡೆಯ ಸಲ ನೀವೇ ಬಾರಿಸ್ರಿ ಎಂದು ಗಂಟೆ ಮುಂದೆ ಹಿಡಿದ. ಮಾಸ್ತರರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ನನ್ನ ಕೈಗೆ ಬ್ಯಾಡ್ರಿ,” ಎಂದರು.